ಗೋಡೆಯ ಕೆಳಗಿನ ಮೋರಿ

ನಮ್ಮೂರಲ್ಲಿ ಯಾರನ್ನಾದರೂ ವಯಸ್ಸೆಷ್ಟು ಎಂದು ಕೇಳಿದರೆ ಬಾಯಲ್ಲಿ ಹೇಳುವುದಿಲ್ಲ, ಹಿತ್ತಲಿಗೆ ಕರೆದುಕೊಂಡು ಹೋಗಿ ಕಲ್ಲು ತೋರಿಸುತ್ತಾರೆ. ಮಗು ಹುಟ್ಟಿದ ದಿನ ಗುಡ್ಡದಿಂದ ಮೊಳದುದ್ದದ ಕಲ್ಲೊಂದನ್ನು ಹೊಸದಾಗಿ ಸೀಳಿ ತಂದು ಆ ಮನೆಯ ಹಿತ್ತಲಲ್ಲಿ ನೆಡುತ್ತಾರೆ. ಆ ಕಲ್ಲಿಗೆ ಎಷ್ಟು ವಯಸ್ಸಾಯಿತೋ ಮನುಷ್ಯನಿಗೂ ಅಷ್ಟೇ. ಅಂಚು ಮೊಂಡಾದರೆ ಕೆಲಸ ಕಲಿಯುವ ವಯಸ್ಸು. ಮೈಗೆ ಕೆಂಪು ಬಂದರೆ ಮದುವೆಯ ವಯಸ್ಸು. ಬಿಳಿ ಕಣಗಳು ಹಿಟ್ಟಾಗಿ ಉಗುರು ಇಳಿಯಿತೋ, ಕೈಬಿಡುವ ವಯಸ್ಸು. ಕೈಬಿಟ್ಟವರು ಮಾರನೆಯ ದಿನದಿಂದ ತಮ್ಮ ಕಸುಬಿನ ಸಾಮಾನು ಮುಟ್ಟುವ ಹಾಗಿಲ್ಲ. ಚಾವಡಿಯ ಜಗಲಿಯ ಮೇಲೆ ಕೂರಬೇಕು, ಊರು ಅನ್ನ ಹಾಕುತ್ತದೆ. ಆ ಉಗುರು ಇಳಿಸಿ ನೋಡುವವನು ನಾನು. ಹೆಸರು ಸಣ್ಣೀರಪ್ಪ, ಊರು ಕರೆಯುವುದು ಕಲ್ಲುನೋಟದವನು ಎಂದು. ನನ್ನ ನೋಟ ಒಮ್ಮೆಯೂ ತಪ್ಪಿಲ್ಲ ಎಂದು ಜನ ಇವತ್ತಿಗೂ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ. ಯಾಕೆ ಅನ್ನುವುದನ್ನೇ ಹೇಳಹೊರಟಿದ್ದೇನೆ.

ಕಲ್ಲು ಎಲ್ಲ ಕಡೆಯೂ ಒಂದೇ ಸಮ ಸವೆಯುವ ವಸ್ತುವಲ್ಲ. ದಿಣ್ಣೆ ಕೇರಿಯಲ್ಲಿ ಗಾಳಿ ಜಾಸ್ತಿ, ನೀರು ನಿಲ್ಲುವುದಿಲ್ಲ. ಮಳೆ ಬಿದ್ದ ಗಳಿಗೆಯಲ್ಲೇ ಕಲ್ಲು ಒಣಗಿ ನಿಂತಿರುತ್ತದೆ. ಅಲ್ಲಿಯವರು ಹಲ್ಲು ಬಿದ್ದ ಮೇಲೂ ಪ್ರಾಯದವರೇ. ತಗ್ಗಿನ ಕೇರಿಯಲ್ಲಿ ನೀರೂ ಉಂಟು, ಸೆಖೆಯೂ ಉಂಟು. ಬಿಸಿ ಮತ್ತು ಹಸಿ ಎರಡೂ ಸೇರಿದರೆ ಕಲ್ಲು ಒಳಗಿಂದ ಬೇಯುತ್ತದೆ ಅನ್ನಿ. ಕಪ್ಪು ಕಣ ತುಕ್ಕು ಹಿಡಿಯುತ್ತದೆ, ಬಿಳಿ ಕಣ ಜೇಡಿಯಾಗುತ್ತದೆ, ಗಾಜಿನಂಥ ಕಣ ಮಾತ್ರ ಯಾವುದಕ್ಕೂ ಜಗ್ಗದೆ ಕೊನೆಗೆ ಮರಳಾಗಿ ಉದುರುತ್ತದೆ. ಬುಡದಲ್ಲಿ ಬೇರು ಹೊಕ್ಕರೆ, ಮೈಮೇಲೆ ಪಾಚಿ ಕೂತರೆ, ಸೀಳುವಾಗಲೇ ಸಣ್ಣ ಬಿರುಕು ಬಿದ್ದಿದ್ದರೆ ಇನ್ನೂ ಬೇಗ. ಬಿರುಕಿನ ಕಲ್ಲಿನವರು ಬೇಗ ಮುದುಕರಾಗುತ್ತಾರೆ ಎಂದು ಹೆಣ್ಣು ಕೊಡುವವರು ಹಿಂದೆಮುಂದೆ ನೋಡುವುದು ನಮ್ಮಲ್ಲಿ ಮಾಮೂಲು. ದಿಣ್ಣೆ ಕೇರಿಯ ಅತ್ತೆಗಿಂತ ತಗ್ಗಿನ ಕೇರಿಯಿಂದ ತಂದ ಸೊಸೆ ಕಲ್ಲಿನ ಪ್ರಕಾರ ದೊಡ್ಡವಳಾಗಿಬಿಟ್ಟು, ಅತ್ತೆಯೇ ಸೊಸೆಯ ಕಾಲಿಗೆ ಬಿದ್ದದ್ದೂ ಉಂಟು. ಎರಡು ದಿನ ನಕ್ಕರು, ಆಮೇಲೆ ಅದೇ ರೂಢಿಯಾಯಿತು. ಅಭ್ಯಾಸವಾದರೆ ಎಲ್ಲವೂ ಸರಿಯೇ.

ಒಂದೇ ಒಂದು ಕಟ್ಟಳೆ: ಆಕಾಶ ಮಾಡಿದ್ದು ಲೆಕ್ಕ, ಕೈ ಮಾಡಿದ್ದು ಲೆಕ್ಕವಿಲ್ಲ. ಬೇಗ ಜಗಲಿ ಸೇರಬೇಕು ಎನ್ನುವ ಸೋಮಾರಿಗಳು ಕಲ್ಲಿಗೆ ಹುಳಿ ಮಜ್ಜಿಗೆ ಎರಚುತ್ತಾರೆ, ಪ್ರಾಯ ಬಿಡಲೊಲ್ಲದವರು ಎಣ್ಣೆ ಸವರುತ್ತಾರೆ. ಇದನ್ನೆಲ್ಲ ಹಿಡಿಯುವುದೇ ಕಲ್ಲುನೋಟದವನ ಕೆಲಸ. ನಮ್ಮಪ್ಪ ನನಗೆ ಹೇಳಿಕೊಟ್ಟದ್ದು ಹೀಗೆ: "ಮೊದ್ಲು ಸುತ್ತಮುತ್ತ ನೋಡು, ನೀರು ಎಲ್ಲಿಂದ ಬರುತ್ತೆ ಎಲ್ಲಿಗೆ ಹೋಗುತ್ತೆ ಅಂತ. ಆಮೇಲೆ ಕಲ್ಲಿನ ಪುಡಿ ನಾಲಿಗೆಗೆ ಮುಟ್ಟಿಸು. ಬರೀ ಜೇಡಿಯಾದ್ರೆ ನಾಲಿಗೆಗೆ ಅಂಟುತ್ತೆ, ರುಚಿ ಇರಲ್ಲ. ರುಚಿ ಬಂತೋ, ಅದು ಯಾರದೋ ಕೈ. ಉಗುರು ಕೊನೇಲಿ, ಬಾಯಿ ಬಿಡೋದು ಅದಕ್ಕೂ ಕೊನೇಲಿ." ಯಾಕೆಂದರೆ ಕಲ್ಲುನೋಟದವನು ಹತ್ತು ಜನರ ಮುಂದೆ ಒಮ್ಮೆ ಹೇಳಿದ ಮೇಲೆ ಅದು ಊರಿನ ಮಾತಾಗುತ್ತದೆ.

ಮಾರಕ್ಕ ನಮ್ಮ ಪಕ್ಕದ ಮನೆಯವಳು. ನಾವಿಬ್ಬರೂ ಒಂದೇ ವಾರದಲ್ಲಿ ಹುಟ್ಟಿದವರು, ನಮ್ಮ ಕಲ್ಲುಗಳನ್ನು ಒಂದೇ ಬಂಡೆಯಿಂದ ಸೀಳಿದ್ದರು. ಆದರೆ ನಮ್ಮ ಹಿತ್ತಲು ಎತ್ತರ, ಅವಳದು ನಾಲ್ಕು ಮೆಟ್ಟಿಲು ತಗ್ಗು, ಬಾಳೆಗಿಡಗಳ ತಂಪು ಬೇರೆ. ಚಿಕ್ಕಂದಿನಲ್ಲಿ ಮಾರಿ ಮಾರಿ ಎಂದು ಜಡೆ ಎಳೆದು ಓಡುತ್ತಿದ್ದವನು, ಅವಳ ಕಲ್ಲಿನ ಅಂಚು ನನ್ನದಕ್ಕಿಂತ ಮೊದಲು ಮೊಂಡಾದ ವರ್ಷ ಅಕ್ಕ ಎನ್ನಬೇಕಾಯಿತು. ಅವಳ ಕಸುಬು ಬೀಸುವ ಕಲ್ಲಿಗೆ ಹಲ್ಲು ಹಾಕುವುದು. ಬೀಸಿ ಬೀಸಿ ನುಣ್ಣಗಾದ ಕಲ್ಲನ್ನು ಮಡಿಲ ಮುಂದೆ ಇಟ್ಟುಕೊಂಡು ಉಳಿ, ಸುತ್ತಿಗೆ ಹಿಡಿದು ಕೂತಳೆಂದರೆ ಟಿಕ್ ಟಿಕ್ ಎಂದು ಒಂದೇ ಸಮನೆ ಸದ್ದು. ಅವಳು ಹಲ್ಲು ಹಾಕಿದ ಕಲ್ಲಿನಲ್ಲಿ ಬೀಸಿದ ರಾಗಿ ಹಿಟ್ಟು ಬೆರಳ ಸಂದಿಯಲ್ಲಿ ಜಾರುತ್ತಿತ್ತು. ಗಂಡ ಸತ್ತ ಮೇಲೆ ತಾನು ಹುಟ್ಟಿದ ಈ ಮನೆಯಲ್ಲಿ ಒಬ್ಬಳೇ ಇದ್ದಳು. ಯಾರಾದರೂ "ಒಬ್ಬಳೇ ಬೇಜಾರಾಗಲ್ವೇನೇ?" ಎಂದರೆ, "ಅಯ್ಯೋ, ಮನೇಲಿ ಮೂರು ಕಲ್ಲು ಕಾಯ್ತಾ ಕೂತಿದಾವೆ, ಬೇಜಾರಾಗೋಕೆ ಪುರಸೊತ್ತೆಲ್ಲಿ?" ಅನ್ನುತ್ತಿದ್ದಳು. ಅವಳಿಗೆ ಬದುಕು ಅಂದರೆ ಅದೇ ಟಿಕ್ ಟಿಕ್. ಬೇರೆ ಏನೂ ಬೇಕಿರಲಿಲ್ಲ.

ಅವಳ ಕಲ್ಲು ನೋಡುವ ದಿನ ಬಂತು. ಊರ ಯಜಮಾನರು ಸಿದ್ಲಿಂಗಪ್ಪನವರು, ಜೊತೆಗೆ ಒಂದು ಮೂವತ್ತು ಜನ ಅವಳ ಹಿತ್ತಲಲ್ಲಿ ನಿಂತಿದ್ದರು. ಮಾರಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಉಳಿ ಹಿಡಿದೇ ಬಂದಳು. "ಬೇಗ ನೋಡಿ ಮುಗಿಸಪ್ಪಾ, ಒಳಗೆ ಕೆಲ್ಸ ಅರ್ಧಕ್ಕೆ ಬಿಟ್ಟು ಬಂದಿದೀನಿ" ಎಂದಳು. ಎಲ್ಲರೂ ನಕ್ಕರು. ನನಗೋ ಆ ಹೊತ್ತಿನಲ್ಲಿ ಮೆರೆಯುವ ಹುಚ್ಚು. ಅದಕ್ಕೆ ಹಿಂದಿನ ದಿನ ತಾನೇ ಯಜಮಾನರು, "ಸಣ್ಣೀರಪ್ಪ ಬಿಡ್ರಿ, ಅವನಿಗೆ ಮುಟ್ಟಿದ್ರೆ ಸಾಕು" ಎಂದಿದ್ದರು. ಆ ಹೊಗಳಿಕೆ ಇನ್ನೂ ತಲೆಯಿಂದ ಇಳಿದಿರಲಿಲ್ಲ. ಸುತ್ತ ನೋಡಲಿಲ್ಲ. ನಾಲಿಗೆಗೂ ಮುಟ್ಟಿಸಲಿಲ್ಲ. ನೆಟ್ಟಗೆ ಹೋಗಿ ಕಲ್ಲಿನ ಬುಡಕ್ಕೆ ಹೆಬ್ಬೆರಳ ಉಗುರು ಒತ್ತಿದೆ. ಬೆಣ್ಣೆಗೆ ಇಳಿದಂತೆ ಇಳಿಯಿತು.

"ಇಳೀತು!" ಎಂದು ಕೂಗಿದೆ. "ಮಾರಕ್ಕ ಕೈಬಿಟ್ಟಳು!"

ಜನ ಹೋ ಎಂದರು. ಆಮೇಲೆ, ಶಾಸ್ತ್ರಕ್ಕೆ ಅನ್ನುವಂತೆ, ಉಗುರಿನಲ್ಲಿದ್ದ ಪುಡಿಯನ್ನು ನಾಲಿಗೆಗೆ ಮುಟ್ಟಿಸಿದೆ.

ಹುಳಿ.

ಹುಣಸೆಹಣ್ಣಿನ ಹುಳಿ. ಕಣ್ಣು ತಾನಾಗಿ ಗೋಡೆಯ ಬುಡಕ್ಕೆ ಹೋಯಿತು. ಅಲ್ಲಿ ನಮ್ಮ ಹಿತ್ತಲಿನ ಮೋರಿ ಗೋಡೆಯ ಕೆಳಗೆ ತೂರಿ ಬಂದು, ಬಾಳೆಗಿಡದ ಬುಡ ಬಳಸಿ, ಕಲ್ಲಿನ ಕಾಲು ನೆನೆಸುತ್ತ ನಿಂತಿತ್ತು. ಊರಿನ ಮದುವೆ ಮುಂಜಿಗೆ ಬೇಕಾಗುವ ಹಿತ್ತಾಳೆ ಹಂಡೆ, ಕೊಪ್ಪರಿಗೆ, ತಪ್ಪಲೆ ಎಲ್ಲ ನಮ್ಮ ಮನೆಯಲ್ಲೇ ಇರುವುದು. ಕಲ್ಲುನೋಟದ ಮನೆತನಕ್ಕೆ ಊರು ಕೊಟ್ಟ ಮರ್ಯಾದೆ ಅದು. ನನ್ನ ಹೆಂಡತಿ ಹಾಲಮ್ಮ ಅವನ್ನು ಹುಣಸೆಹುಳಿ ಹಚ್ಚಿ ಉಜ್ಜಿ ಬಿಸಿನೀರಿನಲ್ಲಿ ತೊಳೆಯುತ್ತಾಳೆ. ಆ ನೀರು ನಮ್ಮ ಅಂಗಳದಲ್ಲೇ ನಿಂತು ನಾತ ಬರುತ್ತದೆ ಎಂದು ಹಿಂದೆ ಯಾವಾಗಲೋ ಗೋಡೆಯ ಕೆಳಗೆ ಮೋರಿ ತೋಡಿದವನು ನಾನೇ. ಬಾಳೆಗೆ ಒಳ್ಳೆಯದು ಎಂದು ಉಪಕಾರ ಮಾಡಿದವನ ಹಾಗೆ ಹೇಳಿಯೂ ಇದ್ದೆ. ಬಿಸಿ, ಹಸಿ, ಹುಳಿ, ವರ್ಷಗಟ್ಟಲೆ ಬಿಡದೆ. ಯಾವ ಕಲ್ಲು ತಡೆಯುತ್ತದೆ?

ತಲೆ ಎತ್ತಿದೆ. ಮಾರಕ್ಕ ನನ್ನನ್ನೇ ನೋಡುತ್ತಿದ್ದಳು. ಕಲ್ಲಿನ ನಾಡಿ ಬಲ್ಲ ಹೆಂಗಸು ಅವಳು. ಅವಳ ಕಣ್ಣೂ ಗೋಡೆಯ ಬುಡಕ್ಕೆ ಹೋಗಿ ಬಂದದ್ದನ್ನು ನಾನು ಕಂಡೆ. ಅವಳಿಗೆ ಎಲ್ಲ ಗೊತ್ತಾಗಿತ್ತು. ಕಾಯುತ್ತ ನಿಂತಳು. "ತಡೀರಿ, ತಪ್ಪಾಯ್ತು" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಉಸಿರು ಸಾಕು. ಆ ಪುಡಿಯನ್ನು ಉಗುಳಲೂ ಆಗದೆ ನುಂಗಲೂ ಆಗದೆ ನಿಂತಿದ್ದೆ. ಯಜಮಾನರು, "ಏನಪ್ಪಾ, ಸರಿ ತಾನೆ?" ಎಂದರು. ನಾನು ನುಂಗಿಬಿಟ್ಟೆ. "ಸರಿ" ಎಂದೆ.

ಅವಳ ಕೈಯಿಂದ ಉಳಿಯನ್ನು ಯಜಮಾನರೇ ಮೆಲ್ಲಗೆ ಬಿಡಿಸಿಕೊಂಡರು. ಬೆರಳುಗಳು ಬಿಡಲಿಲ್ಲ, ಒಂದೊಂದಾಗಿ ಬಿಡಿಸಬೇಕಾಯಿತು.

ಮಾರನೆಯ ಬೆಳಿಗ್ಗೆ ಎದ್ದವನೇ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೆ? ಗುದ್ದಲಿ ತೆಗೆದುಕೊಂಡು ಹೋಗಿ ಆ ಮೋರಿಯ ಬಾಯಿಗೆ ಮಣ್ಣು ತುಂಬಿ, ನೀರನ್ನು ಬೀದಿ ಚರಂಡಿಗೆ ತಿರುಗಿಸಿದ್ದು. ಕಳ್ಳ ಹೆಜ್ಜೆ ಗುರುತು ಅಳಿಸಿದ ಹಾಗೆ. ಹಾಲಮ್ಮ ತಪ್ಪಲೆ ಹಿಡಿದು ಬಂದು ನೋಡಿ ನಿಂತಳು.

"ಇಷ್ಟು ವರ್ಷ ಇಲ್ಲದ್ದು, ಇವತ್ತು ಯಾಕ್ರೀ ಮೋರಿ ತಿರುಗಿಸ್ತಿದೀರಾ?"

"ಸುಮ್ನೆ. ಗೋಡೆ ನೆನೆದು ಬೀಳುತ್ತೆ."

ಅವಳು ತಪ್ಪಲೆಯನ್ನು ಕೆಳಗಿಟ್ಟಳು. ಮುಚ್ಚಿದ ಮೋರಿಯನ್ನು ನೋಡಿದಳು, ಗೋಡೆಯಾಚೆ ನೋಡಿದಳು, ನನ್ನ ಮುಖ ನೋಡಿದಳು. "ಹೋಗಿ ಹೇಳಿ ಬನ್ನಿ" ಎಂದಳು.

"ಹೇಳಿದ್ರೆ ನಾನು ನೋಡಿದ ಕಲ್ಲುಗಳನ್ನೆಲ್ಲ ಜನ ಕೆದಕ್ತಾರೆ ಕಣೇ. ಯಾರ ಮದುವೆ ತಪ್ಪಿತ್ತು, ಯಾರನ್ನ ಮುಂಚೇನೇ ಜಗಲಿಗೆ ಕೂರಿಸಿದ್ರು ಅಂತ ಊರೇ ಅಲ್ಲೋಲಕಲ್ಲೋಲ ಆಗುತ್ತೆ."

"ಊರಿಗೋಸ್ಕರ ಸುಮ್ನಿದೀರಾ ಹಾಗಾದ್ರೆ. ಪಾಪ!" ಎಂದಳು ಹಾಲಮ್ಮ. ಅಷ್ಟು ಚುಚ್ಚುವ 'ಪಾಪ'ವನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅವತ್ತಿನಿಂದ ಆಕೆ ಆ ವಿಷಯ ಎತ್ತಲಿಲ್ಲ. ಹಂಡೆ ಉಜ್ಜುವಾಗ ಮಾತ್ರ ಬೇಕಂತಲೇ ಜೋರಾಗಿ ಉಜ್ಜುತ್ತಿದ್ದಳು, ನನಗೆ ಕೇಳಿಸಲಿ ಎಂದು.

ಮಾರಕ್ಕ ಜಗಲಿಗೆ ಹೋದಳು. ಮೊದಲ ಮಳೆಗಾಲದಲ್ಲಿ ಅವಳ ಬಲಗೈ ಸುಮ್ಮನಿರುತ್ತಿರಲಿಲ್ಲ. ಅವಳ ಉಳಿ ಅವಳ ಅಣ್ಣನ ಸೊಸೆ ಚೌಡಮ್ಮನ ಕೈಗೆ ಹೋಗಿತ್ತು. ಚಾವಡಿಯ ಹಿಂದಿನ ಬೀದಿಯಲ್ಲಿ ಚೌಡಮ್ಮ ಹಲ್ಲು ಹಾಕುವ ಸದ್ದು ಕೇಳಿದರೆ ಇವಳ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. "ಅಲ್ಲಲ್ಲ, ಅಡ್ಡ ಹಿಡಿ, ಅಡ್ಡ ಹಿಡಿ" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಪಕ್ಕದ ಮುದುಕಿಯರು, "ಬಿಡೇ, ಊರು ಅನ್ನ ಹಾಕುತ್ತೆ, ಸುಖವಾಗಿ ಕೂತ್ಕೋ" ಎಂದು ನಗುತ್ತಿದ್ದರು. ನಾನು ಚಾವಡಿಗೆ ಹೋಗುವ ದಾರಿ ಬಿಟ್ಟು ಕೆರೆಯ ಕಡೆಯಿಂದ ಸುತ್ತಿಕೊಂಡು ಓಡಾಡತೊಡಗಿದೆ. ಎದುರಿಗೆ ಸಿಕ್ಕಿದರೂ ಅವಳು ಒಂದು ಮಾತು ಕೆಟ್ಟದಾಗಿ ಆಡಲಿಲ್ಲ. "ಊಟ ಆಯ್ತಾ ಸಣ್ಣೀರಪ್ಪ?" ಎಂದು ಕೇಳಿ, ಉತ್ತರ ಬಂದ ಮೇಲೂ ಒಂದು ಗಳಿಗೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಇನ್ನೇನಾದರೂ ಬರುತ್ತದೇನೋ ಎಂದು. ನಾನು ಚಪ್ಪಲಿ ನೋಡಿಕೊಂಡು ಹೊರಟುಬಿಡುತ್ತಿದ್ದೆ.

ಎರಡನೆಯ ಮಳೆಗಾಲದಲ್ಲಿ ಬೆರಳು ತಾಳ ಹಾಕುವುದನ್ನು ನಿಲ್ಲಿಸಿತು. ಊರಿನ ಹಿಟ್ಟು ಒರಟಾಗಿತ್ತು, ಜನ ಎರಡು ಸಲ ಜರಡಿ ಹಿಡಿಯುವುದನ್ನು ಕಲಿತರು. ಮೂರನೆಯ ಮಳೆಗಾಲ ಮುಗಿಯುತ್ತ ಬಂದಾಗ, ಒಂದು ನಡುಮಧ್ಯಾಹ್ನ, ಸುತ್ತು ದಾರಿಯಲ್ಲಿ ಕೆಸರೆಂದು ಚಾವಡಿಯ ಮುಂದೆಯೇ ಬರಬೇಕಾಯಿತು. ಮಾರಕ್ಕ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು, ತುಟಿಯ ಮೇಲೆ ನೊಣ ಕೂತಿತ್ತು. ಹಗಲಲ್ಲಿ ಕಣ್ಣು ಮುಚ್ಚದಿದ್ದ ಹೆಂಗಸು! ನನಗಿಂತ ಒಂದು ವಾರವೂ ದೊಡ್ಡವಳಲ್ಲ, ನಾನು ಅವತ್ತು ಬೆಳಿಗ್ಗೆ ಗುಡ್ಡ ಹತ್ತಿ ಇಳಿದು ಬಂದಿದ್ದೆ. ಅಲ್ಲೇ ಕೂತುಬಿಟ್ಟೆ. ಆಮೇಲೆ ಎದ್ದು ಯಜಮಾನರ ಮನೆಗೆ ಹೋದೆ.

ಮಾರನೆಯ ದಿನ ಚಾವಡಿಯ ಮುಂದೆ ಊರು ಸೇರಿತು. ನಾನು ಎಲ್ಲವನ್ನೂ ಹೇಳಿದೆ. ಉಗುರು ಮೊದಲು ಹಾಕಿದ್ದು, ಹುಳಿ ತಾಗಿದ್ದು, ನುಂಗಿದ್ದು, ಮೋರಿ ಮುಚ್ಚಿದ್ದು. ಒಂದನ್ನೂ ಬಿಡಲಿಲ್ಲ. "ಅದು ಆಕಾಶ ಮಾಡಿದ್ದಲ್ಲ, ನನ್ನ ಕೈ ಮಾಡಿದ್ದು. ಅವಳ ಉಳಿ ಅವಳಿಗೆ ಕೊಡಿ. ನನಗೆ ಏನು ಶಿಕ್ಷೆ ಕೊಡ್ತೀರೋ ಕೊಡಿ" ಎಂದೆ. ಜನ ಗುಜುಗುಜು ಎಂದರು. ತಗ್ಗಿನ ಕೇರಿಯ ಒಂದಿಬ್ಬರು ಆಗಲೇ ತಮ್ಮ ತಮ್ಮ ಕಲ್ಲುಗಳ ವಿಷಯ ಎತ್ತಿದರು. ಯಜಮಾನರು ಕೈ ಎತ್ತಿ ಸುಮ್ಮನಾಗಿಸಿ, "ಮೋರಿ ಈಗ ಇಲ್ಲ, ಹುಳಿಯೂ ಮೂರು ಮಳೆಗೆ ತೊಳೆದುಹೋಗಿರುತ್ತೆ. ಬರೀ ಇವನ ಮಾತಿನ ಮೇಲೆ ಏನು ಹೇಳೋದು? ಮಾರಕ್ಕನ ಕೈಯೇ ಹೇಳ್ಲಿ" ಎಂದು ಚೌಡಮ್ಮನಿಂದ ಉಳಿ ತರಿಸಿದರು. ಯಾರೋ ನುಣ್ಣಗಾದ ಬೀಸುವ ಕಲ್ಲೊಂದನ್ನು ತಂದು ಇಟ್ಟರು.

ಮಾರಕ್ಕ ಜಗಲಿಯಿಂದ ಇಳಿದಳು. ಮುಖದಲ್ಲಿ ಏನು ಕಳೆ! ಮದುವೆಯ ದಿನವೂ ಅವಳು ಹಾಗೆ ಕಂಡಿರಲಿಲ್ಲ. ಸೆರಗು ಸಿಕ್ಕಿಸಿಕೊಂಡಳು, ಕೂತಳು, ಕಲ್ಲಿನ ಮೈಯನ್ನು ಅಂಗೈಯಿಂದ ಒಮ್ಮೆ ಸವರಿದಳು, ಉಳಿ ಇಟ್ಟು ಹೊಡೆದಳು. ಉಳಿ ಜಾರಿತು. ಇನ್ನೊಮ್ಮೆ ಹೊಡೆದಳು. ಕಲ್ಲಿನ ಅಂಚು ಚಕ್ಕೆ ಎದ್ದು ಹಾರಿತು. ಸುತ್ತಿಗೆ ಹಿಡಿದ ಕೈ ನಡುಗುತ್ತಿತ್ತು. ಅವಳು ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅದುಮಿ ಹಿಡಿದು, ಉಸಿರು ಕಟ್ಟಿ, ಮೂರನೆಯ ಸಲ ಎತ್ತಿದಳು. ಆ ಏಟು ಅವಳ ಹೆಬ್ಬೆರಳಿಗೆ ಬಿತ್ತು. ಮೂರು ಮಳೆಗಾಲ ಸುಮ್ಮನೆ ಕೂರಿಸಿದ ಕೈ ಅದು. ನಾನು ಸುಳ್ಳು ಹೇಳಿದ್ದೆ, ಜಗಲಿ ಅದನ್ನು ನಿಜ ಮಾಡಿತ್ತು.

ಅವಳು ಉಳಿಯನ್ನು ಕೆಳಗಿಟ್ಟಳು. ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಲೆ ಎತ್ತಿದಾಗ, ಆಶ್ಚರ್ಯ, ನಗುತ್ತಿದ್ದಳು.

"ಅಯ್ಯೋ, ಯಾಕ್ರಪ್ಪಾ ಎಲ್ಲಾ ಹಂಗೆ ಮಖ ಮಾಡ್ಕೊಂಡಿದೀರಾ? ಅವನು ಸರಿಯಾಗೇ ನೋಡಿದ್ದ. ಆವತ್ತೇ ನನ್ನ ಕೈ ನಡುಗ್ತಿತ್ತು, ನಾನು ಯಾರಿಗೂ ಹೇಳಿರ್ಲಿಲ್ಲ, ಅಷ್ಟೇ. ಮೋರಿ ಗೀರಿ ಏನೂ ಇಲ್ಲ. ನಂಗೆ ವಯಸ್ಸಾಗಿತ್ತು."

"ಸುಳ್ಳು!" ಎಂದು ಕೂಗಿದೆ. "ಯಜಮಾನರೇ, ಸುಳ್ಳು ಹೇಳ್ತಿದಾಳೆ. ಮೋರಿ ತೋಡಿದವನು ನಾನು. ಹಾಲಮ್ಮನ್ನ ಕೇಳಿ ಬೇಕಾದ್ರೆ!"

ಸಿದ್ಲಿಂಗಪ್ಪನವರು ಯಾರನ್ನೂ ಕೇಳಲಿಲ್ಲ. ಅವರ ಕಣ್ಣಲ್ಲಿ ನೀರು ಬಂದಿತ್ತು. ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. "ಸಾಕು ಬಿಡಪ್ಪಾ, ನಮಗೆ ಅರ್ಥವಾಯ್ತು. ಅವಳು ಜಗಲಿ ಮೇಲೆ ಕೊರಗ್ತಾ ಇದಾಳೆ ಅಂತ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದೆ. ಈ ಕಾಲದಲ್ಲಿ ಯಾರು ಮಾಡ್ತಾರೆ ಇದನ್ನ?" ಎಂದರು. ಹಿಂದಿನಿಂದ ಯಾರೋ, "ದೊಡ್ಡ ಮನಸ್ಸು" ಎಂದರು. ಅದೇ ಮಾತು ಬಾಯಿಂದ ಬಾಯಿಗೆ ಹರಡಿತು. ತಮ್ಮ ಕಲ್ಲಿನ ವಿಷಯ ಎತ್ತಿದ್ದವರಿಗೇ ಎಲ್ಲರಿಗಿಂತ ಹೆಚ್ಚು ಸಮಾಧಾನವಾದಂತಿತ್ತು. ತಪ್ಪಿಲ್ಲದ ನೋಟ ಅವರಿಗೂ ಬೇಕಾಗಿತ್ತಲ್ಲ. ಬೇಡ ಬೇಡ ಎಂದು ನಾನು ಎಷ್ಟು ಹೇಳಿದೆನೋ ಅಷ್ಟೂ ನನ್ನ ದೊಡ್ಡತನವೇ ಆಗುತ್ತ ಹೋಯಿತು. ಕೊನೆಗೆ ಯಜಮಾನರು ತಮ್ಮ ಹೆಗಲ ಮೇಲಿದ್ದ ಶಾಲನ್ನು ತೆಗೆದು ನನಗೆ ಹೊದಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನದು ಇನ್ನೂ ವಿಚಿತ್ರ. ಮಾನ ಕಳೆಯಿರಿ ಎಂದು ಹೋಗಿ ನಿಂತರೆ ಕಳೆಯುವವರೇ ಸಿಗಲಿಲ್ಲ.

ಸಂಜೆ ಹಿತ್ತಲ ಗೋಡೆಯ ಹತ್ತಿರ ಹೋದೆ. ಮಾರಕ್ಕ ಆಚೆ ಬದಿಯಲ್ಲಿ ಬಾಳೆಗಿಡದ ಒಣ ಎಲೆ ಕೀಳುತ್ತಿದ್ದಳು. ಹೆಬ್ಬೆರಳಿಗೆ ಅರಿಶಿನದ ಪಟ್ಟಿ ಇತ್ತು.

"ಅಕ್ಕಾ, ಯಾಕೆ ಹಾಗಂದೆ? ನನ್ನ ಮರ್ಯಾದೆ ಉಳಿಸೋಕೆ ಯಾಕೆ ಹೋದೆ?" ಎಂದೆ.

ಅವಳು ಎಲೆಯನ್ನು ಕಿತ್ತು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು. ನಗು ಇರಲಿಲ್ಲ.

"ನಿನ್ನ ಮರ್ಯಾದೆ ಕಟ್ಕೊಂಡು ನಂಗೇನಾಗ್ಬೇಕು? ನಿನಗೋಸ್ಕರ ಅಂದ್ಕೊಂಡ್ಯಾ? ಪಕ್ಕದ ಮನೆಯೋರು ಪಾತ್ರೆ ತೊಳೆದ ನೀರಿಗೆ ನನ್ನ ಕೈ ಹಾಳಾಯ್ತು ಅಂತ ಊರೆಲ್ಲ ಅಯ್ಯೋ ಪಾಪ ಅನ್ನೋದು ನಂಗೆ ಬೇಡ. ವಯಸ್ಸಾಯ್ತು, ಬಿಟ್ಟಳು ಅನ್ಲಿ. ಅದ್ರಲ್ಲಿ ನಾಚಿಕೆ ಇಲ್ಲ."

"ಆದ್ರೆ ನಾನು ನಿಜ ಹೇಳಿದ್ನಲ್ಲಾ."

"ಹೇಳ್ದೆ" ಎಂದಳು. "ಆವತ್ತೇ ಹೇಳಿದ್ರೆ ಅದ್ರ ಲಾಭ ನಂಗೆ ಬರ್ತಿತ್ತು. ಈಗ ಹೇಳ್ದೆ, ನಿಂಗೆ ಬಂತು. ಶಾಲು ಚೆನ್ನಾಗಿದೆ, ಒಳಗೆ ಹೋಗು, ಇಬ್ಬನಿ ಬೀಳುತ್ತೆ."

ನಾನು ಒಳಗೆ ಬಂದೆ. ಹಾಲಮ್ಮ ಒಲೆಯ ಮುಂದೆ ಕೂತಿದ್ದಳು, ಮಾರಕ್ಕ ಏನೆಂದಳು ಎಂದು ಕೇಳಿದಳು. ಏನೂ ಇಲ್ಲ ಎಂದೆ.